ತೊಂಬತ್ತೊಂದನೆಯ ಚೀಟಿ

ಬೆಳಗಿನ ಐದಕ್ಕೇ ಸಾಲು.
ಚಿಲಿಯ ಈ ಕಲ್ಲಿದ್ದಲ ಊರಲ್ಲಿ, ಮುಚ್ಚಿದ ಗಣಿಯ ಗೋಡೆಗೊರಗಿ
ದಿಂಬಿನ ಚೀಲದಲ್ಲೊಂದು ಬೆಕ್ಕು, ಈರುಳ್ಳಿ ಬಲೆಯಲ್ಲೊಂದು,
ತಳ್ಳುಗಾಡಿಯಲ್ಲಿ ಮಗುವಿನ ಜಾಗಕ್ಕೆ ಮಲಗಿದ ಹೆಣ್ಣು ನಾಯಿ,
ಹಗ್ಗದ ತುದಿಗೆ, ಯಾರದೂ ಅಲ್ಲದ, ಇಡೀ ಬೀದಿಯ ಕೆಂಚ.

ನಾನು ನಗರಸಭೆಯ ಗುಮಾಸ್ತ, ಎವರಿಸ್ತೊ.
ಮುಂದೆ ಕುಂಟು ಮೇಜು, ಮುದ್ರೆ, ನೀಲಿ ಶಾಯಿ,
ತೊಂಬತ್ತು ಚೀಟಿ.
ತೊಂಬತ್ತೇ. ಹಣ ಇದ್ದದ್ದು ಅಷ್ಟಕ್ಕೆ.
ಬಿಳಿ ವ್ಯಾನಿನ ಹೊಟ್ಟೆಯೊಳಗೆ ಡಾಕ್ಟರ್ ಯಾಸ್ನಾ
ಮೊಣಕೈವರೆಗೆ ಸೋಪು ಹಚ್ಚಿಕೊಳ್ಳುತ್ತಿದ್ದಾಳೆ.

ಡಿಸೆಂಬರಿನ ಸೆಖೆಯಲ್ಲಿ ಬಜೆಟ್ಟು ಓದಿದಾಗ
ದೋನ್ ಆರ್ತೆಮಿಯೊ ಎದ್ದು ನಿಂತಿದ್ದರು:
"ನಾಯಿಗಳ ಬೀಜ ತೆಗೆಸೋಕೆ ನಮ್ಮ ತೆರಿಗೆ ಕಾಸಾ?
ನಮ್ಮ ಹಲ್ಲು ಕೀಳಿಸೋಕೆ ಎಂಟು ತಿಂಗಳು ಕಾಯಬೇಕು,
ಬೆಕ್ಕಿಗೆ ಮಾತ್ರ ಆಪರೇಷನ್ ಪುಕ್ಕಟೆ!"
ಸಭೆ ನಕ್ಕಿತು. ಬರೆದುಕೊಳ್ಳುತ್ತಲೇ ನಾನೂ ನಕ್ಕೆ.
ಹಲ್ಲಿನ ಮಾತು ಸುಳ್ಳೂ ಅಲ್ಲ;
ನನ್ನದೊಂದು ದವಡೆಹಲ್ಲು ಕಾದು ಕಾದು ತಾನೇ ಉದುರಿತ್ತು.
ಕೊನೆಗೆ "ಇತರೆ ವೆಚ್ಚ"ದ ಅಡಿಯಲ್ಲಿ,
ಹೂಗುಚ್ಛ, ಪಟಾಕಿ, ಬಾವುಟದ ಬಟ್ಟೆಯ ಪಕ್ಕ
ತೊಂಬತ್ತು ಅಂತ ಬರೆದರು.
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಅದಕ್ಕೂ ಮೊದಲು ಒಂದು ಯೋಜನೆ ಇತ್ತು ನಮ್ಮ ಬೀದಿಯಲ್ಲಿ.
ಮತ ಬೇಡ, ಮುದ್ರೆ ಬೇಡ,
ಒಂದು ತಗಡಿನ ಬಕೀಟು, ಮೇಲೊಂದು ಹಲಗೆ.
ಅಜ್ಜಿ ಎಡುವಿಖೆಸ್ ನೀರು ಹಿಡಿದುಕೊಡುತ್ತಿದ್ದಳು;
ಉಳಿದದ್ದು, ಎಲ್ಲ ಮನೆಗಳಲ್ಲೂ, ಹುಡುಗರ ಕೆಲಸ.
"ಕಣ್ಣು ಬಿಡೋ ಮುಂಚೆ ಮುಗಿಸು" ಅನ್ನುತ್ತಿದ್ದಳು.
ಯಾರ ಕಣ್ಣು ಅಂತ ನಾನು ಕೇಳಲಿಲ್ಲ.
ಆಗ ನನಗೆ ಏಳು ವರ್ಷ.
ಹಲಗೆ ಅಲುಗದ ಹಾಗೆ ಮೇಲೆ ಕೂತು
ಒಂದು, ಎರಡು, ಮೂರು...
ಎಣಿಸುವುದನ್ನು ಕಲಿತದ್ದೇ ಹಾಗೆ.
ತೊಂಬತ್ತರ ಹೊತ್ತಿಗೆ ಕೆಳಗೆ ಸದ್ದು ನಿಲ್ಲುತ್ತಿತ್ತು.

ಹನ್ನೊಂದು ಗಂಟೆ. ಚೀಟಿ ಮುಗಿಯಿತು, ಸಾಲು ಮುಗಿಯಲಿಲ್ಲ.
ಮೇಜಿನ ಮುಂದೆ ದೋನ್ಯಾ ಒಟಿಲಿಯಾ,
ಕಡಲಪಾಚಿ ಮಾರುವವಳು, ಎರಡು ಬಸ್ಸು ಹತ್ತಿ ಬಂದವಳು.
ಉಪ್ಪುವಾಸನೆಯ ಗೋಣಿಯಿಂದ ಪಟ್ಟೆಬೆಕ್ಕಿನ ಮುಖ
ನನ್ನನ್ನೇ ನೋಡಿತು, ನಾನೇ ಸರಕಾರ ಎಂಬಂತೆ.
"ಮುಗಿಯಿತಮ್ಮ. ಮುಂದಿನ ವರ್ಷ."
"ಅಲ್ಲೀತನಕ ಕಾಯಬೇಕು ಅಂತ ಇವಳಿಗೆ ಯಾರು ಹೇಳೋರು?"
ಹಿಂದೆ ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ.
ಗೋಣಿಯ ಬಾಯಿ ಬಿಗಿಯುತ್ತ, ಬೇರೇನೋ ಮಾತಾಡುವವಳಂತೆ:
"ಇರಲಿ ಬಿಡಿ. ಮನೇಲಿ ಮೊಮ್ಮಗ ಇದ್ದಾನೆ.
ಗಟ್ಟಿ ಹುಡುಗ.
ಈಗ ಏಳು ತುಂಬಿತು."

ಯಾವುದೋ ಹಳೆಯ ನೀರಿನ ಬಿಲ್ಲಿನ ಬೆನ್ನ ಮೇಲೆ
ತೊಂಬತ್ತೊಂದು ಎಂದು ಬರೆದೆ. ಮುದ್ರೆ ಒತ್ತಿದೆ,
ಶಾಯಿ ತುಸು ಹೆಚ್ಚೇ ಹರಡಿತು.
ಯಾಸ್ನಾ ಅಂಕಿ ನೋಡಿದಳು, ನನ್ನನ್ನು ನೋಡಿದಳು,
ಇನ್ನೊಂದು ಜೊತೆ ಕೈಗವುಸು ಹರಿದು ತೆಗೆದಳು.

ಅವಳ ಹಿಂದೆ ಇನ್ನೂ ಹದಿನೇಳು ಮಂದಿ ಇದ್ದರು.
ಅವರಿಗೆ ನಾನು ಬಾಗಿಲು ಹಾಕಿದೆ.
ಅದನ್ನೂ ಹೇಳಬೇಕು.

ಸಂಜೆ ಶಾಲೆಯ ಕಂಬಳಿಗಳ ಮೇಲೆ, ನಾಲಗೆ ಹೊರಚಾಚಿ,
ಬೋಳು ಹೊಟ್ಟೆಗೆ ಊರ ಖರ್ಚಿನ ನಾಲ್ಕು ಹೊಲಿಗೆ ಹೊತ್ತು
ಅವೆಲ್ಲ ಮಲಗಿದ್ದವು. ಒಂದರ ಪಂಜ
ನಿದ್ದೆಯಲ್ಲೇ ಏನನ್ನೋ ಪರಚಿ ಸುಮ್ಮನಾಯಿತು.
ಒಟಿಲಿಯಾ ಗೋಣಿ ಮಡಿಸಿ ತೊಡೆಯ ಮೇಲಿಟ್ಟು ಕೂತಿದ್ದಳು.

ಸೋಮವಾರ ಸಭೆಗೆ ಲೆಕ್ಕ ಒಪ್ಪಿಸಬೇಕು.
ದೋನ್ ಆರ್ತೆಮಿಯೊ ಕನ್ನಡಕ ಏರಿಸಿ ಕೇಳೇ ಕೇಳುತ್ತಾರೆ:
ತೊಂಬತ್ತು ಇದ್ದದ್ದು ತೊಂಬತ್ತೊಂದು ಹೇಗಾಯಿತು?

ಎಣಿಸುವಾಗ ತಪ್ಪಿತು,
ಎಂದು ಬರೆಯುತ್ತೇನೆ.